ಏಳನೆಯ ತಿರುಪು

ಪೋರ್ಟ್ ಟಾಲ್ಬಟ್‌ನ ರಗ್ಬಿ ಕ್ಲಬ್ಬಿನಲ್ಲಿ ಶನಿವಾರ.
ಮೆಟ್ಟಿಲು ಮೂರೇ. ಆದರೂ ಎಮ್ಲಿನ್
ಒಂದೊಂದಕ್ಕೂ ನಿಂತು, ತಂತಿ ಬಿಗಿ ನೋಡುವವನಂತೆ ನಟಿಸಿ
ಹತ್ತುತ್ತಾನೆ.
ಹಾಡಿನ ಪಟ್ಟಿ ಈಗ ಅಂಗಡಿ ಬೋರ್ಡಿನ ಅಕ್ಷರದಲ್ಲಿ;
ಮೇಲಿನ ಸ್ವರಗಳೆಲ್ಲ ಎರಡು ಮನೆ ಕೆಳಗೆ
ಬಾಡಿಗೆಗಿವೆ.

ನಾನು ಹಿಂದೆ, ಸೌಂಡಿನ ಮೇಜಿನಲ್ಲಿ, ನಲವತ್ತೊಂದು ವರ್ಷ.
ಇವರ ಕಿವಿ ಹೋದದ್ದರಲ್ಲಿ ಅರ್ಧ ಪಾಪ ನನ್ನದೇ.
ಎರಡು ಹಾಡಿಗೊಮ್ಮೆ ಎಮ್ಲಿನ್ ಹೆಬ್ಬೆರಳೆತ್ತುತ್ತಾನೆ:
ಇನ್ನೂ, ಇನ್ನೂ ಜೋರು.
ಏಳನೆಯ ತಿರುಪು ತಿರುಗಿಸುತ್ತೇನೆ.
ಅದಕ್ಕೆ ವೈರೇ ಇಲ್ಲ. ಎಂಬತ್ತೊಂಬತ್ತರಿಂದಲೂ ಇಲ್ಲ.
ಅವನು ತಲೆದೂಗುತ್ತಾನೆ: ಹಾಂ, ಈಗ ಸರಿ.

ಡ್ರಮ್ಮಿನ ಹಿಂದೆ ಗೆರಾಂಟ್ ಎಣಿಸುತ್ತಾನೆ, ಅವನಮ್ಮನ ವೆಲ್ಶಿನಲ್ಲಿ:
ಈನ್, ದಾಯ್, ತ್ರೀ...

ಆಮೇಲೆ ಸ್ವಲ್ಪ ಹೊತ್ತು.
ಮೊದಲು ಮೂರಕ್ಕೂ ನಾಲ್ಕಕ್ಕೂ ನಡುವೆ
ಕೂದಲೂ ತೂರುತ್ತಿರಲಿಲ್ಲ.
ಈಗ ಅಲ್ಲಿ ಬದಲಿಸಿದ ಒಂದು ಮಂಡಿ, ಮುರಿದ ಎರಡು ಮದುವೆ,
ಆರಿಹೋದ ಉಕ್ಕಿನ ಕುಲುಮೆ.
ಅದರ ಕೆಂಪೇ ಆಗ ನಮ್ಮ ರಂಗದ ಬೆಳಕು,
ಕಿಟಕಿ ತೆರೆದರೆ ಸಾಕಿತ್ತು, ಪುಕ್ಕಟೆ.

ಪೆದ್ವಾರ್!
ಬಿತ್ತು ಏಟು.
ಮುಂದಿನ ಸಾಲಿನ ಹೆಂಗಸರು
ಕೈಚೀಲ ಕುರ್ಚಿಯಡಿಗೆ ತಳ್ಳಿ ಎದ್ದರು.
ಕೊನೆಯ ಕಿರುಚು ಈಗ ಅವರದೇ ಗುತ್ತಿಗೆ;
ಎಮ್ಲಿನ್ ಬಾಯಿ ತೆರೆದು ನಿಲ್ಲುತ್ತಾನೆ, ಅಷ್ಟೆ.

ಇವತ್ತು ಅವನು ಹೆಬ್ಬೆರಳೆತ್ತಲಿಲ್ಲ.
ತಿರುಪಿನತ್ತ ಗಲ್ಲ ತೋರಿಸಿ
ಕಣ್ಣು ಹೊಡೆದ.
ಯಾವಾಗಿನಿಂದ ಗೊತ್ತೋ, ಕಳ್ಳ.

ಆದರೂ ತಿರುಗಿಸಿದೆ, ಬಲಕ್ಕೆ, ಕೊನೆ ಮುಟ್ಟುವವರೆಗೆ.
ಅವನು ತಲೆದೂಗಿದ.