ಒಂದೊಂದು ಪರಸಿ

ನಮ್ಮ ಅಂಗನವಾಡಿ ನೆಲಕ್ಕ ಮೂವತ್ತೊಂದು ಪರಸಿ.
ಶಾಬಾದಿನಾಗ ಕಲ್ಲಿಗೇನು ಬರ?
ರೈಲು ಹಳಿ ಆಚೆ ಖಣಿ, ಖಣಿ ಆಚೆ ಖಣಿ,
ಉಳಿದದ್ದು ಬಿಸಿಲು.
ಮಕ್ಕಳು ಹತ್ತೊಂಬತ್ತು.
ಒಬ್ಬೊಬ್ಬರಿಗೆ ಒಂದೊಂದು ಪರಸಿ ಹಂಚೀನಿ:
ಇದು ನಿನ್ನ ಮನಿ, ಇದೇ ನಿನ್ನ ಪಾಟಿ.
ಸಂದಿ ದಾಟಿ ಕೂಡಬಾರದು,
ದಾಟಬೇಕಂದರ ಕೇಳಿ ದಾಟಬೇಕು.

ಮೊದಲ ತಿಂಗಳು ಕಲಿತದ್ದು ಇಷ್ಟೇ.
ಚಪ್ಪಲಿ ಹೊರಗ.
ಮೂಗು ಅಂಗಿ ತೋಳಿಗಲ್ಲ, ಅರಿವಿ ತುಂಡಿಗೆ.
ಯಾರಿಗಾದರೂ ಕಾಲು ತಾಗಿದರ
ತಪ್ಪಾಯ್ತು ಅನ್ನಬೇಕು.
ಹೋದ ಅವ್ವ ತಿರುಗಿ ಬರ್ತಾಳ.
ಇದೊಂದು ಕಲಿಯಲಿಕ್ಕೆ ಅನುಷ್ಕಾ ರಾಠೋಡಗ
ಹನ್ನೊಂದು ದಿನ ಹಿಡೀತು.
ಹನ್ನೆರಡನೇ ದಿನ, ಹೊಸದಾಗಿ ಬಂದು ಅಳ್ಲಕತ್ತ
ಸಾನಿಯಾನ ಬೆನ್ನು ತಟ್ಟಿ, ತಾಂಡೇದ ಮಾತಿನಾಗ
"ಯಾಡಿ ಆವಚ, ಯಾಡಿ ಆವಚ" ಅಂದಳು.
ಸಾನಿಯಾಗ ಮಾತು ತಿಳೀಲಿಲ್ಲ.
ಅಳು ನಿಂತಿತು.

ಆಮ್ಯಾಲ ಗೆರಿ. ನಿಂತ ಗೆರಿ, ಮಲಗಿದ ಗೆರಿ.
ಗೋಲ ಅಂದರ ರೊಟ್ಟಿ ಅಂದೆ.
ಒಬ್ಬಾಕಿ ರೊಟ್ಟಿ ಬರದು ಅಂಚು ಒರಸ್ಯಾಳ,
ಯಾಕವ್ವ ಅಂದರ
"ಒಂದು ತುತ್ತು ತಿಂದೀನ್ರಿ."

ವಿಶ್ವಾರಾಧ್ಯ ಬಾಗಿಲ ಮೂಲಿ ಪರಸಿಯವ.
ಹೆಸರಿನಾಗ ಎರಡು ಒತ್ತು,
ಚಡ್ಡಿಗೆ ಒಂದೇ ಗುಂಡಿ.
ಆ ಹೆಸರು ಅವನ ಕೈಗೆ ಹತ್ತಬೇಕಂದರ
ಮೂರನೇತ್ತಾ ಆಗಬೇಕು.
ಎಣಿಕಿ ಅಂದರ ಮಾತ್ರ ಜೀವ ಬಿಡ್ತಾನ.
ಡಬ್ಬಿಯಾಗ ನೂರು ಹುಣಸಿ ಬೀಜ ಇದ್ದವು,
ನಾನೇ ಎಣಿಸಿ ಹಾಕಿದ್ದೆ.
ದೀಪಾವಳಿಗೆ ಎಂಬತ್ತು, ಸಂಕ್ರಾಂತಿಗೆ ಅರವತ್ಮೂರು.

"ಕಿಸೆ ತೋರಸು" ಅಂದೆ.
ಒಂದು ಬೀಜ ಸಿಕ್ಕಿತು.
ಒಂದೇ. ನನಗ ಅಷ್ಟು ಸಾಕಾಯ್ತು.
ಕದಿಯೋದು ತಪ್ಪು ಅಂತ ಎಲ್ಲರ ಮುಂದ
ದೊಡ್ಡ ದನಿ ತಗದು ಹೇಳಿದೆ.
ಅವ ಅಳಲಿಲ್ಲ.
ಕಿಸೆ ಒಳಮೈ ಹೊರಗ ಎಳದು
ನಾಯಿ ಕಿವಿ ಹಂಗ ಜೋಲಾಡಿಸಿಕೊಂಡು
ಸಂಜಿತನಕ ಹಂಗೇ ಕುಂತ.
ಮರುದಿನದಿಂದ ಡಬ್ಬಿ ಮುಟ್ಟಲಿಲ್ಲ.
ಪರಸಿ ಎಣಿಸ್ತಿದ್ದ, ತೊಲಿ ಎಣಿಸ್ತಿದ್ದ,
ನಾನು ಎಷ್ಟು ಸಲ ಕೆಮ್ಮಿದೆ ಅಂತ ಎಣಿಸ್ತಿದ್ದ.

ಜಗದೇವಿಯ ಮುತ್ಯಾ ಖಣಿಯಾಗ ಕಲ್ಲು ಸೀಳಾವ.
ಆಕಿ ಗೋಲ ಬರಿಯಾಕಿ ಅಲ್ಲ,
ನೆಲಕ್ಕ ಕಿವಿ ಹಚ್ಚಿ, ಬೆರಳ ಗೆಣ್ಣಿನಿಂದ
ಪರಸಿ ಪರಸಿ ಬಡಕೋತ ತಿರುಗಾಕಿ.
"ಟೀಚರ್, ವಿಶ್ವಾನ ಪರಸಿ ಹೊಟ್ಟಿ ಖಾಲಿ ಅದ್ರಿ."
"ಸುಮ್ಮ ಕೂಡು, ಸಂದಿ ದಾಟಬ್ಯಾಡ."
ಮೂರು ದಿನ ಹೇಳಿದಳು, ಮೂರು ದಿನ ಗದರಿಸಿದೆ.

ನಾಕನೇ ದಿನ ಉಪ್ಪಿಟ್ಟು ಉಂಡು ಮಕ್ಕಳು ಮಲಗಿದ್ದರು.
ಯಾರೂ ನೋಡ್ಲಕತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು
ನಾನೇ ಬಗ್ಗಿ ಬಡದೆ.
ಠಣ್. ಠಣ್. ಠಣ್.
ಬಾಗಿಲ ಮೂಲಿಗೆ, ಡಬ್.
ಜಗದೇವಿ ಒಂದೇ ಕಣ್ಣು ತೆರೆದಿದ್ದಳು.

ಖಾಜಾಬಿ ಹಾರಿ ತಂದು ಮೀಟಿ ಎತ್ತಿದಳು.
ಹತ್ತೊಂಬತ್ತು ತಲಿ ಬಗ್ಗಿದವು.
ಕೆಳಗ ಕರಿ ಮಣ್ಣು, ಮಣ್ಣಾಗ ಬಿಲ,
ಬಿಲದ ಬಾಯಾಗ ಶೇಂಗಾ ಸಿಪ್ಪಿ, ಖಡು ತುಣುಕು,
ಸಾನಿಯಾನ ಕೆಂಪು ಕ್ಲಿಪ್ಪು ಅರ್ಧ,
ಮತ್ತ ಹುಣಸಿ ಬೀಜ, ಹುಣಸಿ ಬೀಜ.
ಗೋಡಿ ಮ್ಯಾಲಿನ ಚಿತ್ರಕ್ಕ ಬಡಿಗಿ ತೋರಸಿ
ಇ ಅಂದರ ಇಲಿ ಅಂತ
ವರ್ಷಾನುಗಟ್ಟಲೆ ಒದರಿಸೀನಿ.
ಇಲಿ ಕೆಳಗ ಕುಂತು ಕೇಳಿರಬೇಕು.

ವಿಶ್ವಾರಾಧ್ಯ ಯಾರನ್ನೂ ಕೇಳಲಿಲ್ಲ.
ಮಣಕಾಲೂರಿ ಕುಂತ,
ಒಂದೊಂದೇ ತಗದು ಮಣ್ಣು ಚಡ್ಡಿಗೆ ಒರಸಿ
ಜಗದೇವಿ ಪರಸಿ ಮ್ಯಾಲ ಸಾಲಾಗಿ ಇಟ್ಟ.
ಆಕಿ ತನ್ನ ಜಾಗ ಬಿಟ್ಟು ಸರದು ನಿಂತಳು.
ನಾನೂ ಮಣಕಾಲೂರಿದೆ. ನೆಲ ತಣ್ಣಗಿತ್ತು.
ಮೊದಲ ತಿಂಗಳ ಪಾಠ
ಗಂಟಲಾಗ ಸಿಕ್ಕಿಕೊಂಡಿತ್ತು.
"ವಿಶ್ವಾ, ನಂದು ತಪ್ಪಾಯ್ತಪ್ಪ" ಅಂದೆ.

ಅವ ತಲಿ ಎತ್ತಲಿಲ್ಲ.
"ಇಪ್ಪತ್ನಾಕು, ಇಪ್ಪತ್ತೈದು...
ಟೀಚರ್, ನಡುವ ಮಾತಾಡಬ್ಯಾಡ್ರಿ,
ಲೆಕ್ಕ ತಪ್ತದ."