ಕಪ್ಪೆ ಎಣಿಸುವವಳು

ಕೋಡಿ ಕ್ರಾಸಿನ ನಮ್ಮ ಬೇಕರಿಯ ಹಿಂದಿನ ಮಹಡಿಗೆ
ಫ್ರಾನ್ಸಿನವಳೊಬ್ಬಳು ಬಾಡಿಗೆಗೆ ಬರುತ್ತಾಳೆಂದು ಗೊತ್ತಾದ ದಿನವೇ
ಅವಳ ಜಾತಕ ಸಿದ್ಧವಾಗಿತ್ತು.
ಸ್ನಾನ ಮಾಡೋಲ್ಲ, ಸೆಂಟು ಹೊಡೀತಾರೆ. ಇದು ಎಲ್ಲೈಸಿ ನರಸೇಗೌಡರು.
ಇಂಗ್ಲಿಷ್ ಬಂದರೂ ಬಾಯಿ ಬಿಡೋಲ್ಲ, ಅಷ್ಟು ದಿಮಾಕು,
ಅಂದದ್ದು ಆಟೋ ಇಲಿಯಾಸ್,
ಯಾರನ್ನೋ ಒಮ್ಮೆ ಏರ್‌ಪೋರ್ಟಿಗೆ ಬಿಟ್ಟ ಅನುಭವದ ಮೇಲೆ.
ಮಾತೆತ್ತಿದರೆ ಮುಷ್ಕರ. ಕಂಡವರಿಗೆಲ್ಲ ಮುತ್ತು.
ಹೂವಿನ ಮುನಿಯಲ್ಲಮ್ಮ ಮಾತ್ರ ಮಾರು ಅಳೆಯುತ್ತ ಕೇಳಿದಳು:
"ಕಪ್ಪೆ ತಿಂತಾರಂತಲ್ಲಪ್ಪ, ದಿಟವಾ?"

ಬಂದಳು.
ಮಂಡಿಯವರೆಗೆ ಗಂಬೂಟು, ಹೆಗಲಿಗೆ ಮೈಕು,
ಸೆಂಟಿನ ವಾಸನೆ ಇಲ್ಲ, ಕೆರೆಯ ಜೊಂಡಿನ ವಾಸನೆ.
ಸ್ನಾನದ ವಿಚಾರ ಆವತ್ತು ಇತ್ಯರ್ಥವಾಗಲಿಲ್ಲ.
ಹೆಸರು ಸೊಲೆನ್.
ಕರಿಬಸಪ್ಪ ಮೇಷ್ಟ್ರು ಟೀ ಲೋಟ ಕೆಳಗಿಟ್ಟರು.
ಒಂದು ದೀರ್ಘ ಕೊಟ್ಟರೆ ಸೋಲೆನ್, ಹಳಗನ್ನಡ ಕಣ್ರಯ್ಯ,
ನಾನು ಸೋಲುವುದಿಲ್ಲ ಅಂತ!
ಅಂದಿನಿಂದ ಅವಳಿಗೆ ನಮ್ಮಲ್ಲಿ ಆ ದೀರ್ಘ ಪುಕ್ಕಟೆ.

ನನ್ನ ಬ್ರೆಡ್ಡನ್ನು ಕೈಗೆ ತಗೊಂಡು ಒತ್ತಿದಳು.
ಅಪ್ಪ ಹಾಸನದಿಂದ ತಂದ ಹದ; ಐವತ್ತೊಂದು ವರ್ಷ
ಯಾರೂ ಹೀಗೆ ಒತ್ತಿ ನೋಡಿರಲಿಲ್ಲ.
"ಇದು ಬ್ರೆಡ್ ಅಲ್ಲ. ಕೇಕಿನ ತಂಗಿ."
ಕಲಿತಿದ್ದೇ ಚೂರು ಕನ್ನಡ,
ಸುಳ್ಳು ಹೇಳುವ ಪಾಠದವರೆಗೆ ಇನ್ನೂ ಬಂದಿರಲಿಲ್ಲ.
ನೋಡಿದ್ರಾ ದಿಮಾಕು, ಅಂದ ಇಲಿಯಾಸ್, ಗೆದ್ದವನ ಹಾಗೆ.
ನಾನು ಖಾರಾ ಬನ್ನು ಕೊಟ್ಟೆ,
ಬೇಕಂತಲೇ, ಹಸಿಮೆಣಸು ಜಾಸ್ತಿ ಬಿದ್ದದ್ದನ್ನು.
ಮೂಗು ಕೆಂಪು, ಕಣ್ಣಲ್ಲಿ ನೀರು, ಮಾತಿಲ್ಲ.
ಎರಡು ಬೆರಳೆತ್ತಿದಳು: ಇನ್ನೆರಡು.

ಇಂಗ್ಲಿಷು ಬರುತ್ತಿತ್ತು. ಆಡಲಿಲ್ಲ. ಅದು ನಿಜ.
ನಾನು ಇಂಗ್ಲಿಷಿನಲ್ಲಿ ಚಿಲ್ಲರೆ ಕೇಳಿದೆ,
ಅವಳು ಕನ್ನಡದಲ್ಲಿ ಎಣಿಸಿ ಕೊಟ್ಟಳು.
ಬೋರ್ಡು ಕನ್ನಡದಲ್ಲಿ ಬರೆಸೋ ಅಂತ
ಹನ್ನೆರಡು ವರ್ಷ ಗೋಗರೆದ ಮೇಷ್ಟ್ರು
ಏನೂ ಅನ್ನದೆ ಮೀಸೆಯ ಟೀ ಒರೆಸಿಕೊಂಡರು.
ಬಸ್ಸಿನವರ ಮುಷ್ಕರದ ದಿನ ಎಂಟು ಕಿಲೋಮೀಟರ್ ನಡೆದು ಬಂದು
"ಒಳ್ಳೇದು, ಸಂಬಳ ಕೇಳಲಿ" ಅಂದಳು; ಗೌಡರಿಗೆ ಬಿಸ್ಕತ್ತು ನೆತ್ತಿಗೇರಿತು.
ಮುತ್ತು ಕೊಟ್ಟದ್ದು ಕಂಡದ್ದು ಒಮ್ಮೆ,
ಮುನಿಯಲ್ಲಮ್ಮನ ಮೊಮ್ಮಗುವಿಗೆ, ಎರಡು ಕೆನ್ನೆಗೆ ಒಂದೊಂದು, ಲೆಕ್ಕವಾಗಿ.

ಕಪ್ಪೆಯ ಪ್ರಶ್ನೆಗೆ ಮೂರು ವಾರ ಹಿಡಿಯಿತು.
ಮಳೆ ಬಿಟ್ಟ ರಾತ್ರಿ, ಶಟರು ಅರ್ಧ ಇಳಿದಿತ್ತು,
ಮುನಿಯಲ್ಲಮ್ಮ ಕೇಳಿಯೇಬಿಟ್ಟಳು.
"ಅಜ್ಜ ತಿಂತಿದ್ದ. ಬೆಳ್ಳುಳ್ಳಿ ಹಾಕಿ. ನಾನು ಎಣಿಸ್ತೀನಿ."
ಎಂದು ಹೆಡ್‌ಫೋನನ್ನು ಅವಳ ಮಲ್ಲಿಗೆಯ ಮೇಲೇ ತೊಡಿಸಿದಳು.
ಆಮೇಲೆ ನನಗೆ.
ಪಂಪು. ನಾಯಿ. ಕನಕಪುರ ರಸ್ತೆಯ ಲಾರಿ.
ಎಲ್ಲದರ ಅಡಿಯಲ್ಲೆಲ್ಲೋ
ಟರ್ರ್.
ಉತ್ತರವಿಲ್ಲ.
ಮತ್ತೆ ಟರ್ರ್, ಅದೇ ಗಂಟಲು.
ಅವಳ ಪುಸ್ತಕದಲ್ಲಿ ಆ ರಾತ್ರಿಯ ಮೊತ್ತ: ೧.

"ಮದುವೆಯಾಗಿ ಬಂದಾಗ ಇವುಗಳ ಗಲಾಟೆಗೆ ನಿದ್ದೇನೇ ಇಲ್ಲ,"
ಮುನಿಯಲ್ಲಮ್ಮ ನನ್ನ ಓವನ್ನಿನ ಕಡೆ ಕೈ ಮಾಡಿದಳು,
"ಅಗೋ ಅಲ್ಲಿ, ಮಂಡಿಯುದ್ದ ನೀರು."
ಸೊಲೆನ್ ನಮ್ಮನ್ನೆಲ್ಲ ಒಬ್ಬೊಬ್ಬರಾಗಿ ನೋಡಿದಳು.
ಕೇಳಿದಳು, ಕೊಂಕಿಲ್ಲದೆ, ವ್ಯಾಕರಣವೂ ತಪ್ಪದೆ:
"ಅಷ್ಟೂ ಕಪ್ಪೆ ಎಲ್ಲಿ ಹೋದವು? ನೀವು ತಿಂದಿರಾ?"

ನಮ್ಮದು ಶುದ್ಧ ಸಸ್ಯಾಹಾರಿ ಬೇಕರಿ.
ಬೋರ್ಡಿನ ಮೇಲೆ ಹಸಿರು ಅಕ್ಷರದಲ್ಲಿ ಹಾಗಂತ ಬರೆದಿದೆ,
ಇಂಗ್ಲಿಷಿನಲ್ಲಿ.

ಓವನ್ ಆರಿಸಿದೆ.
ಕೆಳಗೆ ನೆಲ ಇನ್ನೂ ಬೆಚ್ಚಗಿತ್ತು.
ಅದರ ಕೆಳಗೆ, ಯಾರಿಗೆ ಗೊತ್ತು, ಇನ್ನೂ ಒದ್ದೆ.