ಕಸಿಯವನ ಗುಳಿಗಿ

ಮುಂಜಾನೆ ಎಂಟಕ್ಕ, ರಾತ್ರಿ ಎಂಟಕ್ಕ
ಮೈಯ ಕಾವಲುಗಾರಗ ಜೋಂಪು ಹತ್ತಸೂ ಗುಳಿಗಿ.
ಅಂವ ಪೂರಾ ಎಚ್ಚರಾದರ
ನಮ್ಮಕ್ಕನ್ನ ಹುಡುಕತಾನ.

ಅಕ್ಕ ಸಂಕವ್ವ ಹುಲಕೋಟಿಯೊಳಗ ಆರಾಮ ಅದಾಳ,
ಹಪ್ಪಳ ಲಟ್ಟಸ್ತಾಳ.
ಆಕೀದೊಂದು ಕಿಡ್ನಿ ಮಾತ್ರ
ನನ್ನ ಹೊಟ್ಟಿಯ ಬಲಕ್ಕ ಬಿಡಾರ ಹೂಡಿ ಮೂರು ವರ್ಷಾತು.
ಒಂದ ಹೊಟ್ಟಿಯೊಳಗ ಹುಟ್ಟಿದವರು ನಾವು.
ರಕ್ತಕ್ಕ ಅದು ಪಟಾಯಿಸಿಲ್ಲ.

ಕೆಲಗೇರಿಯ ನರ್ಸರಿಯೊಳಗ ನಲವತ್ತು ವರ್ಷ
ಮಾವಿನ ತಲಿ ಹಾರಿಸಿದಾಂವ ನಾನು.
ಹುಳಿ ಮಾವಿನ ಸಸಿ, ಗೇಣು ಎತ್ತರಕ್ಕ ಚಾಕು ಓರೆ,
ಮ್ಯಾಲ ಆಪೂಸಿನ ಕುಡಿ, ಸುತ್ತ ಪ್ಲಾಸ್ಟಿಕ್ ಪಟ್ಟಿ.
ನೀ ಯಾರ ಪೈಕಿ ಅಂತ
ಒಂದ ಸಸಿನೂ ಕೇಳಲಿಲ್ಲ.
ಇಪ್ಪತ್ತು ದಿನಕ್ಕ ಕೆಂಪು ಚಿಗುರು.

ಈಗ ಮಣ್ಣು ಮುಟ್ಟಬ್ಯಾಡ ಅಂದಾರ ಡಾಕ್ಟರು,
ಮಣ್ಣಿನ ಬೂಷ್ಟು ನಿನಗ ವಿಷ.
ಮಾಸ್ಕು ಹಾಕ್ಕೊಂಡು ಕುರ್ಚಿ ಮ್ಯಾಲ ಕುಂತು
ಮಗಳಿಗೆ ಹೇಳತೇನಿ: ಓರೆ ಇರಲಿ, ಇನ್ನೂ ಓರೆ.

ಮೊನ್ನೆ ಅಕ್ಕನ ಮಗ ಮೈಲಾರಿ,
ಹುಬ್ಬಳ್ಳ್ಯಾಗ ಡಾಕ್ಟರಿಕಿ ಓದಾಂವ, ಬಂದು ಅಂದ:
ಮಾಮಾ, ಹೊರದೇಶದಾಗ ಯಾರೋ ಮನಷ್ಯಾನ ತಲೀನ
ಕಸಿ ಮಾಡತೇವಿ ಅಂತಾರಂತ.
ನಾ ನಕ್ಕೆ.
ರಾತ್ರಿ ಮಾತ್ರ ಕಣ್ಣು ಮುಚ್ಚಲಿಲ್ಲ.

ಕಿಡ್ನಿ ಬೀಗರಿದ್ದಂಗ, ಮನಿ ಯಾರದು ಅಂತ ಅದಕ್ಕ ಗೊತ್ತು.
ತಲಿ ಬಂದರ?
ತಲಿ ಅಂದೀತು, ನನಗ ಮೈ ಕೊಟ್ಟರು.
ಮೈ ಅಂದೀತು, ನನ್ನ ಹೆಗಲ ಮ್ಯಾಲ ಯಾರೋ ಏರಿ ಕುಂತಾರ.
ಸಿಪಾಯಿಗಳು ಹುಟ್ಟೂದು ಎಲುವಿನ ಮಜ್ಜಿಯೊಳಗಂತ,
ಬುರಡಿಯ ಎಲುವಿನಾಗೂ ಒಂದಿಷ್ಟು ಮಂದಿ ಅದಾರಂತ.
ಹಂಗಾರ ಕುತ್ತಿಗಿಯ ಹೊಲಿಗಿ ಮ್ಯಾಲ
ಎರಡು ಕಡೀ ಕಾವಲು,
ಇವರಿಗೆ ಅವರು ಕಳ್ಳರು, ಅವರಿಗೆ ಇವರು.
ತುಟಿ, ರೆಪ್ಪಿ, ಗಲ್ಲ... ತೊಗಲಿನಷ್ಟು ಜಗಳಗಂಟಿ
ಇನ್ನೊಂದಿಲ್ಲ ಅಂದ ಮೈಲಾರಿ.
ಕಸಿ ಅಂದರ ಕೂಡಸೂದು ಅಂತ ತಿಳಿದಿದ್ದೆ;
ಕಸಗೊಳ್ಳೂದೂ ಅದರೊಳಗ ಐತಿ.

ಹುಬ್ಬಳ್ಳಿಗೆ ಧಾರವಾಡ ಹೊಲದು ಅರವತ್ತು ವರ್ಷ ದಾಟೇತಿ,
ನವನಗರದ ಹಂತ್ಯಾಕ ಇನ್ನೂ ತುರಸ್ತೈತಿ ಗಾಯ.
ಊರಿಗೆ ಯಾವ ಗುಳಿಗಿ?

ಮಗಳು ಒಂದು ಸಸಿ ತಂದಳು, ಕುಡಿ ಕರ್ರಗಾಗಿತ್ತು.
ಇದು ಸಿಟ್ಟಲ್ಲವಾ, ಅಂದೆ, ಪಟ್ಟಿ ಸಡ್ಲಾಗಿತ್ತು ಅಷ್ಟ.
ಗಿಡದ ತಪ್ಪು ಯಾವಾಗಲೂ ಕೈಯದು.

ಎಂಟಾತು.
ಸಂಕವ್ವನ ಫೋನು: ನುಂಗಿದಿ ಇಲ್ಲೋ?
ಕೇಳಿದ್ದು ನನ್ನನ್ನೋ, ತನ್ನದನ್ನೋ.
ಹೂಂ ಅಂದಿವಿ.